ಸಂದು ತುಂಬುವ ನ್ಯಾಯ

ಬೇರೆಯವರ ಕಣ್ಣಿಗೆ ಬೀಳದ ತಪ್ಪನ್ನು ನಾವಾಗಿಯೇ ಹೇಳಬೇಕೇ? ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ, ಹೇಳಿದರೆ ಒಬ್ಬರ ಮನಸ್ಸಿಗಾದರೂ ನೋವು ಎಂದಿರುವಾಗ ಸುಮ್ಮನಿರುವುದೇ ಮೇಲಲ್ಲವೇ? ಪ್ರಶ್ನೆ ಬಹಳ ಹಳೆಯದು. ನನಗೆ ಮಾತ್ರ ಇದು ಎದುರಾದದ್ದು ಕಳೆದ ಮಳೆಗಾಲದಲ್ಲಿ, ಮುಂಬಯಿಯ ಒಂದು ಸಣ್ಣ ಮರಗೆಲಸದ ಅಂಗಡಿಯಲ್ಲಿ, ಅರ್ಧ ಮುಗಿದ ಗಿಟಾರೊಂದರ ಮುಂದೆ ಕುಳಿತಿದ್ದಾಗ.

ಮಗಳ ಮಗನಿಗೆ ಗಿಟಾರಿನ ಹುಚ್ಚು. ಅವನ ಹದಿನೆಂಟನೆಯ ಹುಟ್ಟುಹಬ್ಬಕ್ಕೆ ಒಂದನ್ನು ಹೇಳಿ ಮಾಡಿಸಿಕೊಡುವುದಾಗಿ ಮಾತು ಕೊಟ್ಟಿದ್ದೆ. ತಂತಿಗಳ ಕೆಳಗೆ ಬೆರಳು ಒತ್ತುವ ಕರಿಯ ಪಟ್ಟಿ ಇರುತ್ತದಲ್ಲ, ಅದರ ಮೇಲೆ ಸಾಮಾನ್ಯವಾಗಿ ಚಿಪ್ಪಿನ ಇಲ್ಲವೇ ಪ್ಲಾಸ್ಟಿಕ್ಕಿನ ಬಿಳಿಯ ಬೊಟ್ಟುಗಳನ್ನು ಕೂರಿಸಿರುತ್ತಾರೆ. ಮೂರು, ಐದು, ಏಳು, ಒಂಬತ್ತನೆಯ ಮನೆಗಳಿಗೆ ಒಂದೊಂದು, ಹನ್ನೆರಡನೆಯದಕ್ಕೆ ಎರಡು. ಹನ್ನೆರಡನೆಯ ಮೆಟ್ಟಿಲು ತಂತಿಯ ಉದ್ದವನ್ನು ಅರ್ಧ ಮಾಡುವ ಜಾಗ. ಅಲ್ಲಿ ಒತ್ತಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಆ ಜಾಗದಲ್ಲಿ ಬೊಟ್ಟಿನ ಬದಲು ಹಲಸಿನ ಮರದ ಒಂದು ಎಲೆ ಬೇಕೆಂಬುದು ಹುಡುಗನ ಆಸೆ. ಊರ ಮನೆಯ ಬಾಗಿಲು ಹಲಸಿನದು. ಆ ಮನೆ ಈಗಿಲ್ಲ. ನಾವು ಮಾರಿದೆವು, ಕೊಂಡವರು ಕೆಡವಿದರು. ಬಾಗಿಲಿನ ಒಂದು ತುಂಡನ್ನು ಅಜ್ಜ ತಂದಿಟ್ಟುಕೊಂಡಿದ್ದಾರೆ ಎಂಬ ಮಾತನ್ನು ಅವನು ಚಿಕ್ಕಂದಿನಿಂದ ಕೇಳುತ್ತ ಬೆಳೆದಿದ್ದ.

ಕೆಲಸ ವಹಿಸಿಕೊಂಡ ಆಚಾರ್ಯರು ಉಡುಪಿ ಕಡೆಯವರು. ಇದು ನೋಡುವುದಕ್ಕೆ ಸಣ್ಣ ಕೆಲಸ, ಮಾಡುವುದಕ್ಕಲ್ಲ. ಸುಮಾರು ಎರಡು ಮಿಲಿಮೀಟರು ದಪ್ಪದ ಹಲಸಿನ ಹಲಗೆಯಲ್ಲಿ ಎಲೆಯನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಬೀಟೆಯ ಪಟ್ಟಿಯ ಮೇಲಿಟ್ಟು, ಚಾಕುವಿನ ಮೊನೆಯಿಂದ ಅದರ ಸುತ್ತ ಗೆರೆ ಎಳೆಯಬೇಕು. ಗೆರೆಯ ಒಳಗಿನ ಮರವನ್ನಷ್ಟೇ ತೋಡಬೇಕು. ಗುಳಿಯ ಆಳ ಎಲೆಯ ದಪ್ಪಕ್ಕಿಂತ ತುಸು ಕಡಿಮೆ ಇರಬೇಕು. ಅಂಟು ಒಣಗಿದ ಮೇಲೆ ಉಬ್ಬಿ ನಿಂತದ್ದನ್ನು ಪಟ್ಟಿಯ ಬಾಗಿಗೆ ಸರಿಯಾಗಿ ಹೆರೆದು ಸಮ ಮಾಡುತ್ತಾರೆ. ಎರಡು ಮರಗಳ ಎಳೆಯೂ ಒಂದೇ ದಿಕ್ಕಿಗಿರಬೇಕು. ಚಿಪ್ಪು ಮಳೆಗಾಲಕ್ಕೆ ಹಿಗ್ಗುವುದಿಲ್ಲ. ಮರ ಹಿಗ್ಗುತ್ತದೆ, ಅದೂ ಎಳೆಗೆ ಅಡ್ಡವಾಗಿ. ಒಂದು ಹೀಗೆ, ಇನ್ನೊಂದು ಹಾಗೆ ಎಳೆದಾಡಿದರೆ ಕೆಲವು ಮಳೆಗಾಲ ಕಳೆಯುವುದರೊಳಗೆ ಸಂದು ಬಿಡುತ್ತದೆ. ಇನ್ನೊಂದು ತೊಡಕೂ ಉಂಟು. ಉಪ್ಪುಕಾಗದ ಹಾಕಿ ಉಜ್ಜಿದರೆ ಬೀಟೆಯ ಕಪ್ಪು ಪುಡಿ ತಿಳಿಬಣ್ಣದ ಮರದ ರಂಧ್ರಗಳಿಗೆ ಹೊಕ್ಕು ಎಲೆ ಮಾಸಲಾಗುತ್ತದೆ. ಆದ್ದರಿಂದ ಆಚಾರ್ಯರು ಮೊದಲು ಅರಗಿನ ಪಾಲಿಶನ್ನು ಒಂದು ಕೈ ಬಳಿದು, ಉಕ್ಕಿನ ತೆಳು ಅಲಗಿನಿಂದ ನಿಧಾನವಾಗಿ ಹೆರೆಯುತ್ತಿದ್ದರು.

ನಾನು ಹೋದ ದಿನ ಎಲೆ ಕೂತಾಗಿತ್ತು. ಆಚಾರ್ಯರು ತೊಟ್ಟಿನ ಹತ್ತಿರ ಬೆರಳಿಟ್ಟು ಹೇಳಿದರು: “ಇಲ್ಲಿ ಕೈ ಜಾರಿತು, ಸಾರ್. ಕೂದಲೆಳೆಯಷ್ಟು ಸಂದು ಬಂತು. ಬೀಟೆಯ ಪುಡಿಯನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ ತುಂಬಿದ್ದೇನೆ. ಬೇಡವೆಂದರೆ ಪಟ್ಟಿಯನ್ನೇ ಬೇರೆ ಮಾಡಿಕೊಡುತ್ತೇನೆ.” ಕನ್ನಡಕ ಒರೆಸಿಕೊಂಡು ನೋಡಿದೆ, ಏನೂ ಕಾಣಲಿಲ್ಲ. “ಕಾಣದಿದ್ದ ಮೇಲೆ ಹೇಳುವುದೇಕೆ, ಆಚಾರ್ರೇ?” ಎಂದೆ. “ಸಾಮಾನು ನಿಮ್ಮದಲ್ಲವೇ? ಅದರಲ್ಲಿ ಏನಿದೆ ಎಂದು ನಿಮಗೆ ಗೊತ್ತಿರಬೇಕು” ಎಂದರು. ಆಮೇಲೆ ಉಳಿದ ಹಲಸಿನ ಚೂರನ್ನು ನನ್ನ ಕೈಗಿಟ್ಟು, “ಇದು ಹಳೆಯ ಬಾಗಿಲಿನ ಮರ ಅಂದಿರಲ್ಲ?” ಎಂದು ಮೆಲ್ಲಗೆ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಅದು ಹಳೆಯ ಬಾಗಿಲಿನ ಮರವಾಗಿರಲಿಲ್ಲ. ಆ ತುಂಡು ಬಾಡಿಗೆ ಮನೆ ಬದಲಿಸುವ ಗಡಿಬಿಡಿಯಲ್ಲಿ ಎಂದೋ ಕಳೆದುಹೋಗಿತ್ತು. ಹುಡುಗನಿಗೆ ಹಾಗೆನ್ನಲು ಬಾಯಿ ಬಾರದೆ, ಮರದ ಅಂಗಡಿಯಿಂದ ಹಲಸಿನ ತುಂಡೊಂದನ್ನು ಕೊಂಡು ತಂದು ಅಂಚುಗಳನ್ನು ಸವೆಸಿ ಕೊಟ್ಟಿದ್ದೆ. ಹೊಸ ಹಲಸು ಅರಿಸಿನದಂತೆ ಹಳದಿ. ವರ್ಷಗಳು ಕಳೆದಂತೆ ಕಂದಾಗುತ್ತ ಹೋಗುತ್ತದೆ. ನಲವತ್ತು ವರ್ಷ ಮರ ಕೊಯ್ದವರಿಗೆ ಇದು ತಿಳಿಯದೇ?

ಮನೆಗೆ ಬರುವ ಲೋಕಲ್ ಗಾಡಿಯಲ್ಲಿ ನನ್ನನ್ನು ನಾನೇ ಸಮರ್ಥಿಸಿಕೊಂಡೆ. ಆಚಾರ್ಯರು ಸಂದು ತುಂಬಿದರು, ನಾನೂ ತುಂಬಿದೆ. ಅವರು ಮರದ್ದು, ನಾನು ಹುಡುಗನ ಮನಸ್ಸಿನದ್ದು. ಅವನಿಗೆ ಸಂತೋಷವಾಗುತ್ತದೆ, ಯಾರಿಗೂ ಕೇಡಿಲ್ಲ. ಎಲೆ ಯಾವ ಮರದ್ದಾದರೂ ನಾದವೇನೂ ಬದಲಾಗುವುದಿಲ್ಲ.

ವಾದ ಮುರಿದುಬಿದ್ದದ್ದು ಈ ಕೊನೆಯ ಮಾತಿನಲ್ಲಿಯೇ. ನಾದ ಬದಲಾಗುವುದಿಲ್ಲ ಎಂಬುದು ನಿಜ. ಹಾಗಾದರೆ ಆ ಎಲೆ ಅಲ್ಲಿರುವುದೇಕೆ? ಜಾಗದ ಗುರುತಿಗೆ ಬೊಟ್ಟು ಸಾಕಿತ್ತು. ಆ ಎಲೆಗೆ ಇರುವ ಬೆಲೆಯೆಲ್ಲ ಅದು ಎಲ್ಲಿಂದ ಬಂತು ಎಂಬ ಮಾತಿನಲ್ಲಿದೆ. ಆಚಾರ್ಯರ ಸಂದನ್ನು ತೆಗೆದುಹಾಕಿದರೂ ಕೆಲಸ ಉಳಿಯುತ್ತದೆ. ನನ್ನ ಮಾತನ್ನು ತೆಗೆದುಹಾಕಿದರೆ ಉಳಿಯುವುದೇನು? ನಾನು ಸಂದು ತುಂಬಿರಲಿಲ್ಲ, ಇಡೀ ಎಲೆಯನ್ನೇ ಬದಲಿಸಿದ್ದೆ.

ವಸ್ತುವನ್ನು ಬದಲಿಸುವುದೇ ತಪ್ಪೆಂದು ಇದರ ಅರ್ಥವಲ್ಲ. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆಯ ಬಾಗಿಲುಗಳಲ್ಲಿ ಆನೆಯ ದಂತ ಕೂರಿಸಿರುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ದೇಶದ ದಂತದ ವ್ಯಾಪಾರ 1986ರಲ್ಲಿ ನಿಷಿದ್ಧವಾಯಿತು. 1991ರ ತಿದ್ದುಪಡಿ ಆಫ್ರಿಕದಿಂದ ಬಂದ ದಂತಕ್ಕೂ ತಡೆ ಹಾಕಿತು. ಮೈಸೂರಿನ ಕುಶಲಕರ್ಮಿಗಳು ಕೈಕಟ್ಟಿ ಕೂರಲಿಲ್ಲ. ಬಣ್ಣಬಣ್ಣದ ಮರಗಳನ್ನೇ ಬೀಟೆಗೆ ಕೂರಿಸುತ್ತ ಬಂದರು. ಹಳದಿಗೆ ಇದೇ ಹಲಸು. ಕಲೆ ಉಳಿಯಿತು, ಆನೆಗೂ ಒಳಿತಾಯಿತು. ಮರವನ್ನು ಮರವೆಂದೇ ಮಾರಿದರೆ ಅದರಲ್ಲಿ ಮೋಸವಿಲ್ಲ. ಅದೇ ಕೆಲಸದಲ್ಲಿ ಪ್ಲಾಸ್ಟಿಕ್ ಕೂರಿಸಿ ದಂತವೆಂದು ಮಾರುವವನಿದ್ದರೆ ಅವನು ಮೋಸಗಾರ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಹಾಲನ್ನು ಕೊಳ್ಳುವವನಿಗೆ ಎಚ್ಚರಿಕೆ. ಮಾರುವವನಿಗೂ ಅದು ಪಾಠವಾಗಬೇಕು.

ಮರದ ಹೆಸರು ನಿಜವಾಗಿರಬೇಕೆಂದು ಈಗ ಕಾನೂನೂ ಕೇಳುತ್ತದೆ. ಬ್ರೆಜಿಲಿನ ಬೀಟೆ ವಿರಳವಾದಂತೆ ವಿದೇಶದ ಗಿಟಾರ್ ತಯಾರಕರು ನಮ್ಮ ದಕ್ಷಿಣದ ಬೀಟೆಯತ್ತ ತಿರುಗಿದರು. 1992ರಲ್ಲಿ ಬ್ರೆಜಿಲಿನದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. 2017ರಲ್ಲಿ ಬೀಟೆಯ ಇಡೀ ಕುಲವೇ ಪರವಾನಗಿಯ ಹತೋಟಿಗೆ ಬಂತು. 2019ರಲ್ಲಿ ತಯಾರಾದ ವಾದ್ಯಗಳಿಗೆ ಸಡಿಲಿಕೆ ದೊರೆಯಿತು. ಆದರೆ ಅಜ್ಜ ಮೊಮ್ಮಗನಿಗೆ ಕೊಡುವ ಮರವನ್ನು ಯಾವ ಸುಂಕದ ಕಟ್ಟೆಯೂ ಪರೀಕ್ಷಿಸುವುದಿಲ್ಲ. ಅಲ್ಲಿ ಕೊಡುವವನ ಮಾತೇ ಪರವಾನಗಿ. ಹಾಗಿರುವುದರಿಂದಲೇ ಅದರ ಜವಾಬ್ದಾರಿ ಹೆಚ್ಚು.

ನಮ್ಮಂಥವರಿಗೆ ಈ ಪ್ರಲೋಭನೆ ಇನ್ನೂ ಜಾಸ್ತಿ. ಊರು ಬಿಟ್ಟು ಬಂದವರು ಮಕ್ಕಳಿಗೆ ಕೊಡಬಹುದಾದದ್ದು ಊರಿನ ಮಾತುಗಳನ್ನೇ. ನೆನಪು ಕೈಕೊಟ್ಟಲ್ಲಿ ಅಂಗಡಿಯ ಮರ ಕೂರಿಸುತ್ತೇವೆ. ಬಾವಿ ಇನ್ನಷ್ಟು ಆಳವಾಗುತ್ತದೆ, ಅಂಗಳ ಇನ್ನಷ್ಟು ದೊಡ್ಡದಾಗುತ್ತದೆ. ಕೇಳುವ ಮಗುವಿಗೆ ಪರೀಕ್ಷಿಸುವ ದಾರಿಯೇ ಇಲ್ಲ.

ಹುಟ್ಟುಹಬ್ಬದ ಹಿಂದಿನ ರಾತ್ರಿ ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಆಚಾರ್ಯರ ಸಂದನ್ನೂ ಹೇಳಿದೆ, ನನ್ನದನ್ನೂ ಹೇಳಿದೆ. ಅವನ ಮುಖ ಸಣ್ಣದಾಯಿತು. ಎರಡು ದಿನ ಗಿಟಾರ್ ಪೆಟ್ಟಿಗೆಯಲ್ಲೇ ಇತ್ತು. ಸತ್ಯದಿಂದ ನೋವಾಗುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಮೂರನೆಯ ದಿನ ಅವನು ಬಂದು ಪಕ್ಕದಲ್ಲಿ ಕುಳಿತು, “ಅಜ್ಜ, ಆ ಬಾಗಿಲು ಹೇಗಿತ್ತು, ಅದನ್ನಾದರೂ ಹೇಳಿ” ಎಂದ. ನೆನಪಿದ್ದಷ್ಟನ್ನು ಹೇಳಿದೆ: ಅಗುಳಿಯ ಸದ್ದು, ಕೆಳಗಿನ ಮೂಲೆಯಲ್ಲಿ ಗೆದ್ದಲು ತಿಂದ ಗುರುತು. ನೆನಪಿಲ್ಲದ್ದನ್ನು ಕೇಳಿದಾಗ “ಮರೆತಿದ್ದೇನೆ” ಎಂದೆ.

ಗಿಟಾರ್ ಈಗ ದಿನವೂ ಹೊರಗೆ ಬರುತ್ತದೆ. ಎಲೆಯ ಹಳದಿ ಇನ್ನೂ ಮಾಸಿಲ್ಲ. ಕೆಲವು ವರ್ಷಗಳಲ್ಲಿ ಅದು ಕಂದಾಗಿ ಹಳೆಯ ಬಾಗಿಲಿನ ಬಣ್ಣಕ್ಕೆ ಬಂದೀತು. ಆಗ ಯಾರಾದರೂ ಇದು ಎಲ್ಲಿಯ ಮರವೆಂದು ಕೇಳಿದರೆ, ಅವನಿಗೆ ಉತ್ತರ ಗೊತ್ತಿದೆ.