ಕಡಲೂರಿನಲ್ಲಿ ತಂಗುವ ಕಾಲ

ಒಂದೇ ಕಡಲೂರಿನಲ್ಲಿ ವಾರಗಟ್ಟಲೆ ತಂಗುವವರು ಸಾಮಾನ್ಯವಾಗಿ ಹೇಳುವ ಕಾರಣ ವಿಶ್ರಾಂತಿ. ಆದರೆ ವಿಶ್ರಾಂತಿಗೆ ಕಡಲೂ ಬೇಕಿಲ್ಲ, ಅಷ್ಟು ವಾರಗಳೂ ಬೇಕಿಲ್ಲ. ದೀರ್ಘ ವಾಸಕ್ಕಿರುವ ಗಟ್ಟಿಯಾದ ಸಮರ್ಥನೆ ಬೇರೆ: ಕೆಲವು ಸಂಗತಿಗಳು ಮತ್ತೆ ಮತ್ತೆ ನಡೆದಾಗ ಮಾತ್ರ ಕಣ್ಣಿಗೆ ಬೀಳುತ್ತವೆ.

ಉತ್ತರ ಕನ್ನಡದ ಗೋಕರ್ಣವನ್ನೇ ನೋಡಬಹುದು. ಎರಡು ದಿನಕ್ಕೆ ಬಂದವರು ಮಹಾಬಲೇಶ್ವರನ ದರ್ಶನ ಮುಗಿಸಿ, ಕೋಟಿತೀರ್ಥ ಸುತ್ತಿ, ಕುಡ್ಲೆ ಮತ್ತು ಓಂ ಕಡಲತೀರಗಳಲ್ಲಿ ಓಡಾಡಿ ಹೊರಡುತ್ತಾರೆ. ಅವರು ಕಂಡದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಊರಿನ ದಕ್ಷಿಣಕ್ಕೆ ಕಡಲು ಸೇರುವ ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವವರನ್ನು ಒಂದು ಬೆಳಿಗ್ಗೆ ಕಂಡವರು ಅದನ್ನು ಬೆಳಗಿನ ಕೆಲಸವೆಂದೇ ತಿಳಿಯುತ್ತಾರೆ. ಅದು ಇಳಿತದ ಕೆಲಸ. ದಿನಕ್ಕೆ ಎರಡು ಸಲ ಬರುವ ಇಳಿತ ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ದುಡಿಮೆಯ ಹೊತ್ತೂ ಅದರ ಜೊತೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ನೀರು ಬಹಳ ಏರಿ ಬಹಳ ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಆ ಅಂತರ ಕುಗ್ಗುತ್ತದೆ. ಈ ಸುತ್ತು ಒಮ್ಮೆ ಮುಗಿಯಲು ಒಂದು ಪಕ್ಷ ಬೇಕು. ಅದು ಸುತ್ತು ಎಂದು ಗುರುತಾಗಲು ಇನ್ನೊಂದು ಪಕ್ಷವೂ ಬೇಕು. ಹಾಗಾಗಿ ಎರಡು ದಿನದ ಭೇಟಿಗಳನ್ನು ಎಷ್ಟು ಕೂಡಿಸಿದರೂ ಒಂದು ತಿಂಗಳ ವಾಸವಾಗುವುದಿಲ್ಲ.

ಇದನ್ನೆಲ್ಲ ಪಂಚಾಂಗವೇ ತಿಳಿಸುತ್ತದಲ್ಲ ಎಂಬ ಆಕ್ಷೇಪ ಸಹಜ. ಪಂಚಾಂಗ ತಿಥಿ ಹೇಳುತ್ತದೆ, ನಿಜ. ಆದರೆ ನಡೆಯಲು ಹೊರಡುವ ಹೊತ್ತನ್ನೂ ಊಟದ ಮೀನನ್ನೂ ನೀರು ತೀರ್ಮಾನಿಸತೊಡಗಿದಾಗ ಆ ಮಾಹಿತಿ ದಿನಚರಿಯಾಗುತ್ತದೆ. ಓದಿ ತಿಳಿದದ್ದಕ್ಕೂ ಒಗ್ಗಿ ತಿಳಿದದ್ದಕ್ಕೂ ಇರುವ ಈ ಅಂತರ ಸಣ್ಣದಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಬೇಕೆಂದಾಗ ಹೊರಟುಹೋಗಬಲ್ಲವರ ತಿಳಿವು ಎಷ್ಟರಮಟ್ಟಿನದು? ನಿಧಾನ ಪ್ರವಾಸಿಗರು ಹೆಚ್ಚಾಗಿ ಬರುವುದು ಮಳೆಗಾಲ ಕಳೆದ ಮೇಲೆ. ಬೇಸಿಗೆಯ ಸೆಕೆ ಏರುವಷ್ಟರಲ್ಲಿ ತೆರಳುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು ಅದೇ ಅಳಿವೆಯ ತದಡಿ ಬಂದರಿನಲ್ಲಿ ಬೋಟುಗಳು ನಿಲ್ಲುವ ದಿನಗಳು ಅವರ ಅನುಭವಕ್ಕೆ ಬರುವುದೇ ಇಲ್ಲ. ಗಜನಿ ಎಂಬ ಅಳಿವೆಯಂಚಿನ ತಗ್ಗು ಗದ್ದೆಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವುದೂ ಮಳೆಗಾಲದಲ್ಲೇ. ಈ ಆಕ್ಷೇಪವನ್ನು ಒಪ್ಪಲೇಬೇಕು. ದೀರ್ಘ ವಾಸವು ಅತಿಥಿಯನ್ನು ಊರಿನವನನ್ನಾಗಿಸುವುದಿಲ್ಲ. ಊರಿಗೆ ತನ್ನದೇ ಗಡಿಯಾರವಿದೆ ಎಂಬುದನ್ನು ಮಾತ್ರ ತೋರಿಸಿಕೊಡುತ್ತದೆ.

ನೆಲೆ ನಿಲ್ಲುವುದರ ಬಗ್ಗೆ ಈ ನಾಡಿಗೆ ಹಳೆಯ ವಿಚಾರವೊಂದಿದೆ. ಜೈನ ಮುನಿಗಳೂ ಬೌದ್ಧ ಭಿಕ್ಷುಗಳೂ ಸನ್ಯಾಸಿಗಳೂ ಉಳಿದ ಕಾಲದಲ್ಲಿ ಸಂಚಾರದಲ್ಲಿದ್ದು, ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಿದ್ದರು. ಮಳೆಗೆ ಹುಟ್ಟಿದ ಹುಳುಹುಪ್ಪಟೆ, ಚಿಗುರು ಕಾಲಡಿಗೆ ಸಿಗಬಾರದೆಂಬುದು ಅದಕ್ಕೆ ಒಂದು ಮುಖ್ಯ ಕಾರಣ. ಅಲ್ಲಿ ಎಷ್ಟು ದಿನ ನಿಲ್ಲಬೇಕೆಂದು ನಿರ್ಧರಿಸುತ್ತಿದ್ದುದು ನಿಲ್ಲುವವನ ಅನುಕೂಲವಲ್ಲ, ಸುತ್ತಲಿನ ಜೀವಗಳ ಸ್ಥಿತಿ. ಕಡಲೂರಿನ ವಾಸಕ್ಕೂ ಈ ಅಳತೆ ಹೊಂದುತ್ತದೆ: ಸಿಹಿನೀರು ಎಷ್ಟಿದೆ, ಊರಿನವರಿಗೆ ಕೈಗೆಟಕುವ ಬಾಡಿಗೆಯ ಮನೆ ಉಳಿದಿದೆಯೇ, ಕಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳು ವಾರಾಂತ್ಯದ ಅತಿಥಿಗಿಂತ ತಿಂಗಳ ಅತಿಥಿಯನ್ನು ಹೆಚ್ಚು ಕಟ್ಟಿಹಾಕುತ್ತವೆ, ಏಕೆಂದರೆ ಉತ್ತರಗಳನ್ನು ಕಣ್ಣಾರೆ ಕಾಣುವಷ್ಟು ಕಾಲ ಅವನು ಅಲ್ಲಿರುತ್ತಾನೆ.