ಕಾಯಕಕ್ಕೆ ತೊಡುವ ಬಟ್ಟೆ

ಹೊಸದಾಗಿ ಕಚೇರಿ ಕೆಲಸಕ್ಕೆ ಸೇರುವವರು ಮೊದಲ ದಿನಕ್ಕೆ ಬಟ್ಟೆ ಆರಿಸುವಾಗ ಎರಡು ಋಣಗಳು ಎದುರಾಗುತ್ತವೆ. ಒಂದು ನಂಬಿದ ಧರ್ಮದ್ದು, ಇನ್ನೊಂದು ಕಚೇರಿಗೆ ಬರುವ ಜನರದ್ದು. ವಿಭೂತಿ, ಕುಂಕುಮ, ನಾಮ, ಟೋಪಿ, ಶಿಲುಬೆ ಕಾಣುವಂತಿರಲೋ ಬೇಡವೋ ಎಂಬ ಗೊಂದಲ ಹುಟ್ಟುವುದು ಇವೆರಡರ ನಡುವೆ.

ಉಡುಪಿನ ವಿಷಯದಲ್ಲಿ ಧರ್ಮಗಳ ಮಾತು ಒಂದೇ ಆಗಿಲ್ಲ. ಮುನಿಗೆ ಬಟ್ಟೆ ಬೇಕೇ ಬೇಡವೇ ಎಂಬುದರ ಮೇಲೆಯೇ ಜೈನರ ದಿಗಂಬರ, ಶ್ವೇತಾಂಬರ ಎಂಬ ಹೆಸರುಗಳು ನಿಂತಿವೆ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ದೇಹವೇ ಹಳತಾದಾಗ ಕಳಚುವ ಬಟ್ಟೆ. ಸಿಖ್ಖರಿಗಾದರೋ ಕೇಶ, ಕಿರ್ಪಾಣಗಳು ದೀಕ್ಷೆಯ ಅಂಗ. ಕಿರ್ಪಾಣ ಧರಿಸುವುದು ಧರ್ಮಪಾಲನೆಯಲ್ಲಿ ಸೇರಿದೆ ಎಂದು ಸಂವಿಧಾನದ 25ನೇ ವಿಧಿಯ ವಿವರಣೆಯೇ ಹೇಳುತ್ತದೆ. ಹೀಗಿರುವಾಗ ಬಟ್ಟೆ ಹೊರಗಿನದು, ನಂಬಿಕೆ ಒಳಗಿನದು ಎಂದು ಎಲ್ಲರ ಪರವಾಗಿ ತೀರ್ಪು ಕೊಡುವುದು ಅನ್ಯಾಯ.

ಈ ಪ್ರಶ್ನೆಯನ್ನು ಬದುಕಿ ನೋಡಿದವರು 12ನೇ ಶತಮಾನದ ಶರಣರು. ಅಕ್ಕಮಹಾದೇವಿ ಉಡುಗೆಯನ್ನೇ ತೊರೆದು ಕೇಶವನ್ನೇ ಮರೆಯಾಗಿಸಿಕೊಂಡರೆಂದು ಪರಂಪರೆ ಹೇಳುತ್ತದೆ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ; ಅರಮನೆಯ ಲೆಕ್ಕ ನೋಡುತ್ತಲೇ ಭಕ್ತರಾಗಿದ್ದವರು. ಇಬ್ಬರಿಗೂ ಸಮಾನವಾದ ಕುರುಹು ಇಷ್ಟಲಿಂಗ. ಶಿವದಾರದಲ್ಲಿ ಎದೆಗೆ ಇಳಿದ ಕರಡಿಗೆಯ ಮೇಲೆ ಅಂಗಿಯ ಗುಂಡಿ ಹಾಕಿದರೆ ಎದುರಿನವರಿಗೆ ಅದು ಕಾಣದು, ಧರಿಸಿದವರಿಗೆ ಅದರ ಸ್ಪರ್ಶ ತಪ್ಪದು. ಪೂಜೆಯ ಹೊತ್ತಿಗೆ ಲಿಂಗ ಅಂಗೈಗೆ ಬರುತ್ತದೆ. ಕಚೇರಿಗೂ ನಂಬಿಕೆಗೂ ಒಂದೇ ಮೈಯಲ್ಲಿ ಜಾಗ ಮಾಡಿಕೊಟ್ಟ ಏರ್ಪಾಡು ಇದು.

ಜನರ ಋಣ ಇದಕ್ಕಿಂತ ಕಷ್ಟದ್ದು. ಪಹಣಿ ತಿದ್ದುಪಡಿಗೆಂದು ತಾಲ್ಲೂಕು ಕಚೇರಿಗೆ ಬಂದ ರೈತ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆಯುತ್ತ, ಮೇಜಿನಾಚೆ ಕೂತವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. ಕಣ್ಣು ಕುಕ್ಕುವ ಉಡುಪು ಅವನನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ನಿಲ್ಲಿಸುತ್ತದೆ. ಒಗೆದು ಇಸ್ತ್ರಿ ಮಾಡಿದ ಹತ್ತಿಯ ಅಂಗಿ, ಸಾದಾ ಸೀರೆ ಅವನಿಗೆ ಮಾತಾಡುವ ಧೈರ್ಯ ಕೊಡುತ್ತದೆ. ಹಣೆಯ ವಿಭೂತಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಕಂಡು ಒಬ್ಬನಿಗೆ ತನ್ನ ಅರ್ಜಿ ಮೇಲೆ ಬಂದೀತೆಂಬ ಆಸೆ, ಇನ್ನೊಬ್ಬನಿಗೆ ತನ್ನದು ಕೆಳಗೆ ಹೋದೀತೆಂಬ ಅಳುಕು ಹುಟ್ಟಬಹುದು. ಆ ಆಸೆ, ಆ ಅಳುಕು ಎರಡನ್ನೂ ಕಳೆಯುವ ಹೊಣೆ ಧರಿಸಿದವರದೇ. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳುತ್ತ ಹೋದಂತೆ ಅದು ತೀರುತ್ತ ಬರುತ್ತದೆ.