ದಾದಿ ಬೇಕು, ಆದರೆ ಯಾರ ಮಗಳು?

ಸೊಸೆಯ ಹೆರಿಗೆಗೆ ಆಸ್ಪತ್ರೆ ಹುಡುಕುವಾಗ ನಮ್ಮ ಮೊದಲ ಪ್ರಶ್ನೆ, ಅಲ್ಲಿ ನೋಡಿಕೊಳ್ಳುವವರು ಹೆಂಗಸರೇ ತಾನೇ ಎಂಬುದು. ಪ್ರಶ್ನೆ ನ್ಯಾಯವಾದದ್ದೇ. ಲಜ್ಜೆಯನ್ನು ಕಾಪಾಡುವುದು ಧರ್ಮದ ಬೇಡಿಕೆ. ಆದರೆ ಅದೇ ಮನೆಯ ಹುಡುಗಿ ಪಿ.ಯು.ಸಿ. ಮುಗಿಸಿ ನರ್ಸಿಂಗ್ ಕಲಿಯುತ್ತೇನೆಂದರೆ ಎಲ್ಲರೂ ಮೌನವಾಗುತ್ತಾರೆ. ರಾತ್ರಿ ಪಾಳಿ, ಪರಪುರುಷರ ವಾರ್ಡು, ನಾಳೆ ಸಂಬಂಧ ಕೇಳಿ ಬರುವವರು ಏನೆಂದಾರು? ಹಾಗಾದರೆ ನಮ್ಮ ಸೊಸೆಯ ಬಳಿ ರಾತ್ರಿಯಿಡೀ ನಿಲ್ಲುವ ಆ ಹೆಂಗಸು ಯಾರ ಮಗಳಾಗಿರಬೇಕು?

ಈ ಹಿಂಜರಿಕೆಗೆ ನಾವು ತಖ್ವಾದ ಹೆಸರು ಕೊಡುತ್ತೇವೆ. ಪ್ರವಾದಿ(ಸ)ರವರ ಮದೀನಾದಲ್ಲಿ ಹಾಗಿರಲಿಲ್ಲ. ಹಿಜರಿ 5ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮಸೀದಿಯಲ್ಲಿದ್ದ ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ ಇರಿಸಲಾಯಿತೆಂದು ಇಬ್ನು ಇಸ್‌ಹಾಕ್ ಬರೆದಿದ್ದಾರೆ. ಉಮ್ಮು ಅತಿಯ್ಯಾ(ರ) ಏಳು ಯುದ್ಧಗಳಲ್ಲಿ ಜೊತೆಗಿದ್ದು ಗಾಯಾಳುಗಳನ್ನೂ ರೋಗಿಗಳನ್ನೂ ನೋಡಿಕೊಂಡ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಸ್ತ್ರೀಯರು ಗಾಯಾಳುಗಳನ್ನು ಉಪಚರಿಸುವ ಬಗ್ಗೆ ಇಮಾಮ್ ಬುಖಾರಿ ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದ್ದಾರೆ. ಆ ಗಾಯಾಳುಗಳು ಗಂಡಸರು! ಮಿತಿಗಳಿಲ್ಲವೆಂದು ಇದರ ಅರ್ಥವಲ್ಲ. ಮಿತಿಯೊಳಗೆ ನಿಂತು ಮಾಡಬಹುದಾದ ಕೆಲಸ ಇದೆಂದಷ್ಟೇ. ವೈದ್ಯವಿದ್ಯೆಯನ್ನು ಇಮಾಮ್ ಗಝ್ಝಾಲಿ ಫರ್ಝ್ ಕಿಫಾಯ ಎಂದು ಎಣಿಸಿದರು. ಯಾರೂ ಮಾಡದಿದ್ದರೆ ಹೊಣೆ ಇಡೀ ಸಮುದಾಯದ ಮೇಲೆ. ಶುಶ್ರೂಷೆಯಿಲ್ಲದ ವೈದ್ಯ ಎಲ್ಲಿಯದು?

ಒಪ್ಪಿದ ತಂದೆತಾಯಿಗಳೂ ಇನ್ನೊಂದು ಕಡೆ ಎಡವುತ್ತಾರೆ. ಕೋರ್ಸನ್ನು ಮದುವೆಯ ಲೆಕ್ಕದಲ್ಲಿ ಆರಿಸುತ್ತಾರೆ. ಬೇಗ ಮುಗಿಯಲೆಂದು 2 ವರ್ಷದ ಎ.ಎನ್.ಎಂ., ಇಲ್ಲವೇ ಆಮಂತ್ರಣ ಪತ್ರದಲ್ಲಿ ಡಿಗ್ರಿ ಅಚ್ಚಾಗಲೆಂದು 4 ವರ್ಷದ ಬಿ.ಎಸ್ಸಿ. ಆದರೆ ಎ.ಎನ್.ಎಂ. ಎಂದರೆ ಮುಖ್ಯವಾಗಿ ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ಮನೆಭೇಟಿ. ನಮ್ಮ ಕೇರಿಗಳಲ್ಲಿ ಬ್ಯಾರಿಯನ್ನೋ ಉರ್ದುವನ್ನೋ ಆಡುವವಳು ಬಾಗಿಲು ತಟ್ಟಿದರೆ ಅದು ಬೇಗ ತೆರೆಯುತ್ತದೆ. ಆ ಕೆಲಸ ಇಷ್ಟವಿದ್ದವಳಿಗೆ ಅದು ಕಿರಿದಾದ ದಾರಿಯಲ್ಲ. ಬಿ.ಎಸ್ಸಿ.ಗೆ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಕಲಾ ವಿಭಾಗದವಳಿಗೂ 3 ವರ್ಷದ ಜಿ.ಎನ್.ಎಂ. ಇದೆ. ಅದು ಮುಗಿದ ಮೇಲೆ 2 ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪಡೆಯಬಹುದು. ಯಾವುದೇ ಆಗಲಿ, ನೋಂದಣಿಯಿಲ್ಲದೆ ನರ್ಸ್ ಆಗಲಾಗದು. ಆದ್ದರಿಂದ ಏಜೆಂಟನ ಮಾತಿಗೆ ಹಣ ಕಟ್ಟುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ ನೋಡಬೇಕು. ವಾರ್ಡಿನಲ್ಲಿ ತಲೆವಸ್ತ್ರಕ್ಕೆ ಅವಕಾಶವಿದೆಯೇ, ಪಾಳಿ ಮುಗಿಸಿ ಹಾಸ್ಟೆಲಿಗೆ ಮರಳುವುದು ಹೇಗೆ ಎಂಬುದನ್ನೂ ತಂದೆಯೇ ಹೋಗಿ ಕೇಳಲಿ.

ಅದಕ್ಕೂ ಮೊದಲು ಹುಡುಗಿಯನ್ನೇ ಕೇಳಿ. ರಕ್ತ, ಕೀವು, ಮರಣ ಇವುಗಳ ಎದುರು ನಿಲ್ಲಬಲ್ಲಳೇ? ಬಹುಶಃ ಉತ್ತರ ನಿಮಗೂ ಗೊತ್ತಿರುತ್ತದೆ. ಅಜ್ಜಿ ಹಾಸಿಗೆ ಹಿಡಿದಾಗ ಮುಖ ಸಿಂಡರಿಸದೆ ಬೆನ್ನು ಒರೆಸಿ, ಬಟ್ಟೆ ಬದಲಿಸಿದವರು ಯಾರೆಂದು ಮನೆಯವರೆಲ್ಲ ನೋಡಿದ್ದಾರಲ್ಲ.